ಪದಚರ್ಚೆ: ‘ಸಬ್‌ನೆಟ್ ಮಾಸ್ಕ್’ಗೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೆ,

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಸಿಸ್ಕೋ ಕಂಪನಿಯ ಸಿಸಿಎನ್‌ಎ ಎಂಬ ನೆಟ್‌ವರ್ಕ್ ಪರೀಕ್ಷೆಗೆ ತಯಾರಾಗುತ್ತಿರುವ ಬದಿಯಡ್ಕದ ಕೆಲವು ವಿದ್ಯಾರ್ಥಿಗಳಿಗಾಗಿ ಟಿಪ್ಪಣಿಯೊಂದನ್ನು ಬರೆಯುತ್ತಿದ್ದೇನೆ. ನಾಳೆ ಬೆಳಗ್ಗೆ ಅದು ಅಚ್ಚಿಗೆ ಹೋಗಬೇಕು. ‘ಸಬ್‌ನೆಟ್’ ಎಂಬುದನ್ನು, ಅಂದರೆ ದೊಡ್ಡ ಕಂಪ್ಯೂಟರ್ ಜಾಲದ ಒಂದು ತುಂಡನ್ನು, ‘ಉಪಜಾಲ’ ಎಂದಿದ್ದೇನೆ. ತೊಡಕಿರುವುದು ‘ಮಾಸ್ಕ್’ನಲ್ಲಿ, ಅಂದರೆ ವಿಳಾಸದಲ್ಲಿ ಉಪಜಾಲದ ಭಾಗ ಯಾವುದು, ಯಂತ್ರದ ಭಾಗ ಯಾವುದು ಎಂದು ತಿಳಿಸುವ ಸಂಖ್ಯೆಯಲ್ಲಿ. 192.168.10.77/26 ಎಂಬ ವಿಳಾಸವನ್ನು (ಅದರ 32 ಬಿಟ್‌ಗಳಲ್ಲಿ, ಅಂದರೆ ಒಂದು-ಸೊನ್ನೆಗಳ ಅಂಕಿಗಳಲ್ಲಿ, ಮೊದಲ 26 ಉಪಜಾಲದವು) ಕೊಟ್ಟರೆ, ಮಾಸ್ಕ್ 255.255.255.192 ಎಂದೂ, ಉಪಜಾಲವು ಕೊನೆಯ ಸಂಖ್ಯೆ 64ರಿಂದ 127ರವರೆಗೆ ಎಂದೂ, ಎರಡು ತುದಿಗಳನ್ನು ಬಿಟ್ಟು 62 ವಿಳಾಸಗಳು ಯಂತ್ರಗಳಿಗೆ ಸಿಗುತ್ತವೆಂದೂ ಅವರು ಲೆಕ್ಕ ಹಾಕಿಬಿಡುತ್ತಾರೆ. ಅದಕ್ಕೆ ಮಾಸ್ಕ್ ಎಂಬ ಹೆಸರೇಕೆ ಎಂದರೆ ಸುಮ್ಮನಾಗುತ್ತಾರೆ. ‘ಮುಸುಕು’ ನಡೆದೀತೆ?

ಮಂಜೇಶ್ವರದಿಂದ:

ಮೊದಲು ‘ಉಪಜಾಲ’ವನ್ನು ತೆಗೆಯಿರಿ. ‘ಜಾಲ’ ಸಂಸ್ಕೃತದ್ದು, ನಮ್ಮದು ‘ಬಲೆ’. ತಮಿಳಿನ ‘ವಲೈ’, ಮಲಯಾಳದ ‘ವಲ’ ಇವುಗಳ ಪದಾದಿಯ ವಕಾರವು ಕನ್ನಡದಲ್ಲಿಯೂ ತುಳುವಿನಲ್ಲಿಯೂ ಬಕಾರವಾಗಿರುವುದನ್ನು ಇಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಮೇಲಾಗಿ ತುಳು ಮನೆಮಾತಿನವರಿಗೆ ‘ಜಾಲ್’ ಎಂದರೆ ಅಂಗಳ. ‘ಒಳಬಲೆ’ ಎನ್ನಿ. ಮಾಸ್ಕ್ ಎಂಬುದು ವಿಳಾಸವನ್ನು ಎರಡಾಗಿಸುವ ಗಡಿಯಾದ್ದರಿಂದ ‘ಒಳಬಲೆಗೆರೆ’ ಎಂದರಾಯಿತು. ಮುಸುಕು ಸಲ್ಲದು.

ಕಾಸರಗೋಡು ಪೇಟೆಯಿಂದ:

‘ಒಳಬಲೆಗೆರೆ’ ಎಂದು ಓದಿದವರು ರೂಟರ್ ಬಿಟ್ಟು ಮೀನು ಹಿಡಿಯಲು ಹೊರಟಾರು. ಮುಸುಕು ಏಕೆ ಸಲ್ಲದು ಎಂಬುದನ್ನು ಮಂಜೇಶ್ವರದವರು ಹೇಳಿಯೇ ಇಲ್ಲ. ಮಾಸ್ಕ್‌ನಲ್ಲಿ ಒಂದು ಇರುವೆಡೆ ವಿಳಾಸದ ಬಿಟ್ ಹಾಗೆಯೇ ಉಳಿಯುತ್ತದೆ, ಸೊನ್ನೆ ಇರುವೆಡೆ ಅಳಿಯುತ್ತದೆ. ಮೇಲಿನ ಉದಾಹರಣೆಯಲ್ಲಿ ಕೊನೆಯ ಆರು ಬಿಟ್‌ಗಳು ಮುಚ್ಚಿಹೋಗಿ, 77 ಇದ್ದದ್ದು 64 ಆಗಿ, ಉಪಜಾಲವಷ್ಟೇ ಕಾಣುತ್ತದೆ. ಇದು ಮುಸುಕಿನ ಕೆಲಸವೇ. ಇನ್ನು ಗೆರೆ ಎಂಬುದು ಸಬ್‌ನೆಟ್ ಮಾಸ್ಕ್‌ಗೆ ಹೇಗೋ ಒಪ್ಪಿದರೂ, ಆಕ್ಸೆಸ್ ಲಿಸ್ಟ್‌ನಲ್ಲಿ (ಯಾವ ಸಂಚಾರವನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ಪಟ್ಟಿಯಲ್ಲಿ) ವಿಳಾಸದ ಯಾವ ಬಿಟ್‌ಗಳನ್ನು ಹೋಲಿಸಬೇಕೆಂದು ಹೇಳುವ ವೈಲ್ಡ್‌ಕಾರ್ಡ್ ಮಾಸ್ಕ್‌ಗೆ ಒಂದುಗಳೆಲ್ಲ ಒಂದೆಡೆ, ಸೊನ್ನೆಗಳೆಲ್ಲ ಇನ್ನೊಂದೆಡೆ ನಿಲ್ಲಬೇಕೆಂಬ ನಿಯಮವೇ ಇಲ್ಲದಿರುವುದರಿಂದ, ಅಲ್ಲಿ ಎಳೆಯಲು ಗೆರೆಯೇ ಸಿಗದು.

ಆದರೂ ತಲೆಬರಹದಲ್ಲಿ ‘ಸಬ್‌ನೆಟ್ ಮಾಸ್ಕ್’ ಎಂದೇ ಇಡಿ. ಪರೀಕ್ಷೆಯ 120 ನಿಮಿಷಗಳಲ್ಲಿ ಕನ್ನಡ ಪದ ಒಮ್ಮೆಯೂ ಎದುರಾಗುವುದಿಲ್ಲ.

ಮಂಜೇಶ್ವರದಿಂದ:

ಪರೀಕ್ಷೆ ಕನ್ನಡದಲ್ಲಿಲ್ಲ ಎಂಬುದು ಟಿಪ್ಪಣಿಯೂ ಕನ್ನಡದಲ್ಲಿರಬಾರದು ಎಂಬುದಕ್ಕೆ ಕಾರಣವಾಗದು. ವೈಲ್ಡ್‌ಕಾರ್ಡ್‌ನ ಮಾತನ್ನು ಒಪ್ಪುತ್ತೇನೆ, ಎರವಲಿನ ಸೋಮಾರಿತನವನ್ನಲ್ಲ. ಮಲಯಾಳದವರು ನೆಟ್‌ವರ್ಕ್‌ಗೆ ‘ಶೃಂಖಲ’ ಎಂದು ಧೈರ್ಯವಾಗಿ ಬರೆಯುತ್ತಾರೆ.

ಕಾಸರಗೋಡು ಪೇಟೆಯಿಂದ:

ಅದೂ ಸಂಸ್ಕೃತವೇ, ಸ್ವಾಮಿ. ನಮ್ಮ ಓದುಗನಿಗೆ ಶೃಂಖಲೆ ಎಂದರೆ ಸಂಕೋಲೆ. ಸಂಸ್ಕೃತದಿಂದ ತಂದರೆ ಧೈರ್ಯ, ಇಂಗ್ಲಿಷಿನಿಂದ ತಂದರೆ ಸೋಮಾರಿತನ ಎಂಬ ಲೆಕ್ಕ ನನಗೆ ತಿಳಿಯದು.

ಬದಿಯಡ್ಕದಿಂದ:

ಇಬ್ಬರಿಗೂ ಕೃತಜ್ಞತೆಗಳು. ತಲೆಬರಹದಲ್ಲಿ ‘ಸಬ್‌ನೆಟ್ ಮಾಸ್ಕ್’ ಎಂದಿಟ್ಟು, ವಿವರಣೆಯ ಮೊದಲ ವಾಕ್ಯದಲ್ಲಿ ‘ಯಂತ್ರದ ಭಾಗವನ್ನು ಮರೆಮಾಡಿ ಉಪಜಾಲದ ಭಾಗವನ್ನಷ್ಟೇ ತೋರಿಸುವ ಮುಸುಕು’ ಎಂದು ಬರೆದಿದ್ದೇನೆ. ‘ಉಪಜಾಲ’ವನ್ನು ಬದಲಿಸಿಲ್ಲ. ಮುಂದಿನ ಪುಟದಲ್ಲಿ ‘ಡಿಫಾಲ್ಟ್ ಗೇಟ್‌ವೇ’, ಅಂದರೆ ಉಪಜಾಲದಿಂದ ಹೊರಗೆ ಹೋಗುವ ದಾರಿ, ಇದೆ. ‘ಹೆಬ್ಬಾಗಿಲು’ ಎಂದರೆ ‘ಡಿಫಾಲ್ಟ್’ಗೆ ಏನು ಮಾಡಲಿ?

ಮಂಜೇಶ್ವರದಿಂದ:

‘ಉಪಜಾಲ’ ಉಳಿದಿರುವ ಟಿಪ್ಪಣಿಗೆ ನನ್ನನ್ನು ಕೇಳಬೇಡಿ.