ದೇಶ ನಿಜವಾಗಿಯೂ ಹಿಂಜರಿತದಲ್ಲಿದೆಯಾ? ಸಾಲ ಮಾಡಿ ಮಷಿನ್ ತಗೊಳ್ಳೋ ಮೊದಲು ಕೇಳ್ತಿದ್ದೇನೆ

ಗೋಕುಲರೋಡ್ ವರ್ಕ್‌ಶಾಪ್ | ಡಿಸೆಂಬರ್ 2024

ಎಲ್ಲರಿಗೂ ನಮಸ್ಕಾರ.

ಹುಬ್ಬಳ್ಳಿಯ ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ನಂದೊಂದು ಸಣ್ಣ ಮಷಿನ್ ಶಾಪ್ ಇದೆ. ವಾಲ್ವ್ ಮಾಡುವ ಕಂಪನಿಗಳಿಗೆ ಜಾಬ್ ವರ್ಕ್ ಮಾಡಿಕೊಡುತ್ತೇವೆ. ಎರಕದ ಬಾಡಿ ಅವರೇ ಕಳಿಸುತ್ತಾರೆ. ನಾವು ಅದನ್ನು ಲೇತಿಗೆ ಹಾಕಿ, ಡ್ರಿಲ್ ಹೊಡೆದು, ಥ್ರೆಡ್ ತೆಗೆದು ವಾಪಸ್ ಕಳಿಸುತ್ತೇವೆ. ನೀರು ಸರಬರಾಜು ಯೋಜನೆಗಳಿಗೆ ಹೋಗುವ ಮಾಲೇ ಜಾಸ್ತಿ.

ದಸರಾಕ್ಕೂ ಮುಂಚಿನಿಂದ ಕೆಲಸ ಇಳಿದಿದೆ. ರಾತ್ರಿ ಪಾಳಿ ನಿಲ್ಲಿಸಿದ್ದೇನೆ. ಕುಂದಗೋಳ ಕಡೆಯ ಇಬ್ಬರು ಹುಡುಗರು ಹಿಂಗಾರಿ ಬಿತ್ತನೆಗೆ ಅಂತ ಊರಿಗೆ ಹೋದರು. ಅವರನ್ನು ವಾಪಸ್ ಕರೆಯೋಕೆ ನನಗೆ ಧೈರ್ಯ ಬರುತ್ತಿಲ್ಲ. ಕರೆದರೆ ಕೆಲಸ ಕೊಡಬೇಕಲ್ವಾ? ಮಾಡಿಕೊಟ್ಟ ಕೆಲಸದ ದುಡ್ಡೂ ಬೇಗ ಬರುತ್ತಿಲ್ಲ. ಮೊದಲು ಒಂದೂವರೆ ತಿಂಗಳಿಗೆ ಬರುತ್ತಿದ್ದ ಬಿಲ್ ಈಗ ಮೂರು ತಿಂಗಳು ಎಳೆಯುತ್ತಿದೆ.

ಇದರ ನಡುವೆ ಒಂದು ಹಳೇ ವಿಎಂಸಿ (ಕಂಪ್ಯೂಟರ್‌ನಿಂದ ನಡೆಯುವ ಮಿಲ್ಲಿಂಗ್) ಮಷಿನ್ ಒಳ್ಳೆ ರೇಟಿಗೆ ಸಿಗುವ ಹಾಗಿದೆ. ಬ್ಯಾಂಕಿನವರು ಸಾಲ ಕೊಡಲು ತಯಾರಿದ್ದಾರೆ. ನನ್ನ ಪಾರ್ಟ್ನರ್ ಬೇಡವೇ ಬೇಡ ಅಂತಾನೆ. 'ದೇಶಾನೇ ಹಿಂಜರಿತದಲ್ಲಿದೆ, ಈಗ ಸಾಲ ಮಾಡಿದರೆ ಮುಳುಗ್ತೀವಿ' ಅನ್ನೋದು ಅವನ ಮಾತು. ಬೆಂಗಳೂರಲ್ಲಿರುವ ಅಣ್ಣನ ಮಗ ಫೋನಿನಲ್ಲಿ ನಕ್ಕುಬಿಟ್ಟ. 'ಕಾಕಾ, ಜಗತ್ತಿನ ದೊಡ್ಡ ದೇಶಗಳಲ್ಲೇ ಜೋರಾಗಿ ಬೆಳೀತಿರೋ ದೇಶ ನಮ್ಮದು. ಎರಡು ತ್ರೈಮಾಸಿಕ ಸತತವಾಗಿ ಜಿಡಿಪಿ, ಅಂದರೆ ದೇಶದ ಒಟ್ಟು ಉತ್ಪಾದನೆ, ಬಿದ್ದರೆ ಮಾತ್ರ ಹಿಂಜರಿತ. ಒಂದೂ ಬಿದ್ದಿಲ್ಲ' ಅಂದ.

ಅವನು ಓದಿದವನು, ಸುಳ್ಳು ಹೇಳಲ್ಲ. ಆದರೆ ನನ್ನ ಶಾಪಿನಲ್ಲಿ ನಿಂತ ಮಷಿನ್ನೂ ಸುಳ್ಳಲ್ಲ. ಇದರಲ್ಲಿ ನಿಜ ಯಾವುದು? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

---

ಹಳೇಹುಬ್ಬಳ್ಳಿ ಬಟ್ಟೆ ಅಂಗಡಿ

ಅಂಕಿ ಸಂಖ್ಯೆ ಬಿಡಿ ಅಣ್ಣಾ. ದೀಪಾವಳಿಗೆ ಬಂದ ಗಿರಾಕಿಗಳು ಹೋದ ವರ್ಷ ಒಯ್ದಷ್ಟು ಬಟ್ಟೆ ಒಯ್ಯಲಿಲ್ಲ. ಮಕ್ಕಳಿಗೆ ಮಾತ್ರ ತಗೊಂಡು, 'ನಮಗೆ ಸಂಕ್ರಾಂತಿಗೆ ನೋಡೋಣ' ಅಂತ ಹೋದವರೇ ಜಾಸ್ತಿ. ಉದ್ರಿ ಬುಕ್ಕು ತುಂಬಿದೆ. ಇದು ಹಿಂಜರಿತ ಅಲ್ಲದಿದ್ದರೆ ಇನ್ನೇನು? ಅಮೆರಿಕದಲ್ಲೂ 2022ರಲ್ಲಿ ಎರಡು ತ್ರೈಮಾಸಿಕ ಜಿಡಿಪಿ ಬಿದ್ದಿತ್ತು. ಆದರೂ ಅವರು ಹಿಂಜರಿತ ಅಂತ ಒಪ್ಪಲೇ ಇಲ್ಲ. ಎಲ್ಲ ಸರ್ಕಾರಗಳೂ ಹೀಗೇ.

---

ದುರ್ಗದಬೈಲ್ ಲೆಕ್ಕಪತ್ರ

ಅಣ್ಣಾರೇ, ನಾನು ದುರ್ಗದ ಬೈಲ್ ಹತ್ತಿರ ಸಣ್ಣ ಅಂಗಡಿಯವರ, ವರ್ಕ್‌ಶಾಪಿನವರ ಜಿಎಸ್‌ಟಿ ರಿಟರ್ನ್ ತುಂಬುವ ಕೆಲಸ ಮಾಡುತ್ತೇನೆ. ನಿಮ್ಮ ಒಂದು ಪ್ರಶ್ನೆಯಲ್ಲಿ ಎರಡು ಸೇರಿಕೊಂಡಿವೆ. ದೇಶ ಹಿಂಜರಿತದಲ್ಲಿದೆಯಾ ಅನ್ನೋದು ಒಂದು. ನೀವು ಮಷಿನ್ ತಗೊಳ್ಳಬೇಕಾ ಅನ್ನೋದು ಇನ್ನೊಂದು. ಮೊದಲನೆಯದರ ಉತ್ತರದಿಂದ ಎರಡನೆಯದನ್ನು ತೀರ್ಮಾನಿಸಬೇಡಿ.

ಮೊದಲನೆಯದಕ್ಕೆ ಉತ್ತರ: ಇಲ್ಲ. ನವೆಂಬರ್ 29ರಂದು ಲೆಕ್ಕ ಬಂತು. ಜುಲೈನಿಂದ ಸೆಪ್ಟೆಂಬರ್‌ವರೆಗಿನ ಮೂರು ತಿಂಗಳ ಜಿಡಿಪಿ, ಹೋದ ವರ್ಷದ ಅದೇ ಮೂರು ತಿಂಗಳಿಗಿಂತ ಶೇ. 5.4ರಷ್ಟು ಹೆಚ್ಚಿದೆ. ಅದರ ಹಿಂದಿನ ತ್ರೈಮಾಸಿಕದಲ್ಲಿ ಶೇ. 6.7 ಇತ್ತು. ಹೋದ ವರ್ಷ ಇದೇ ಹೊತ್ತಿಗೆ 8.1 ಇತ್ತು. ರಿಸರ್ವ್ ಬ್ಯಾಂಕ್ ಈ ಸಲ 7 ಬರುತ್ತದೆ ಅಂದುಕೊಂಡಿತ್ತು. ಬರಲಿಲ್ಲ. ಡಿಸೆಂಬರ್ 6ರಂದು ಅದು ಇಡೀ ವರ್ಷದ ಅಂದಾಜನ್ನು 7.2ರಿಂದ 6.6ಕ್ಕೆ ಇಳಿಸಿತು. ಹಾಗಾಗಿ ಬೆಳವಣಿಗೆ ನಿಧಾನವಾಗಿದೆ ಅನ್ನೋದರಲ್ಲಿ ಅನುಮಾನ ಇಲ್ಲ. ಆದರೆ ದೇಶದ ಒಟ್ಟು ಉತ್ಪಾದನೆ ಕುಗ್ಗಿಲ್ಲ.

ಕುಗ್ಗಿದ್ದು ಯಾವಾಗ ಅಂದರೆ 2020ರಲ್ಲಿ. ಏಪ್ರಿಲ್‌ನಿಂದ ಜೂನ್‌ವರೆಗೆ ಶೇ. 23.9, ಮುಂದಿನ ಮೂರು ತಿಂಗಳಲ್ಲಿ ಶೇ. 7.5. ಇವು ಆಗ ಪ್ರಕಟವಾದ ಅಂಕಿಗಳು. ಆ ಏಪ್ರಿಲ್ ತಿಂಗಳ ರಿಟರ್ನ್ ತುಂಬುವಾಗ ಅಂಗಡಿ ಮೇಲೆ ಅಂಗಡಿ ಸೊನ್ನೆ ಅಂತಲೇ ಹಾಕಿದ್ದೆ. ಅಂಥ ಸ್ಥಿತಿ ಈಗ ಇಲ್ಲ. ಅದಕ್ಕೂ ಹಿಂದೆ, ಸ್ವಾತಂತ್ರ್ಯದ ನಂತರ ಇಡೀ ವರ್ಷದ ಲೆಕ್ಕದಲ್ಲಿ ದೇಶ ಕುಗ್ಗಿದ್ದು ಬೆರಳೆಣಿಕೆಯಷ್ಟು ಸಲ ಮಾತ್ರ: 1957-58, 1965-66, 1972-73, 1979-80. ಹೆಚ್ಚಿನವು ಬರಗಾಲದ ವರ್ಷಗಳು. 1979-80ರಲ್ಲಿ ಬರದ ಜೊತೆ ತೈಲದ ಬೆಲೆಯೂ ಏರಿತ್ತು.

ಇಷ್ಟು ಹೇಳಿ ನಿಮ್ಮ ಅಣ್ಣನ ಮಗ ನಿಲ್ಲಿಸಿದ. ನಾನು ಇಲ್ಲಿಗೆ ನಿಲ್ಲಿಸಲ್ಲ.

ಆ 5.4ರ ಒಳಗೆ ಹೋಗಿ ನೋಡಿ. ಕಟ್ಟಡ ಕಾಮಗಾರಿ ಶೇ. 7.7 ಬೆಳೆದಿದೆ. ಕಾರ್ಖಾನೆ ಉತ್ಪಾದನೆ, ಅಂದರೆ ನೀವು ಇರುವ ಜಾಗ, ಬರೀ 2.2. ಅದೇ ಕಾರ್ಖಾನೆಗಳು ಹೋದ ವರ್ಷ ಇದೇ ಅವಧಿಯಲ್ಲಿ ಶೇ. 14.3 ಬೆಳೆದಿದ್ದವು. ಅಷ್ಟು ಓಡಿದ ಮೇಲೆ 2.2ಕ್ಕೆ ಬಂದರೆ, ಅದರ ತುದಿಯಲ್ಲಿರುವ ಜಾಬ್ ವರ್ಕ್ ಶಾಪಿಗೆ ಏನಾಗುತ್ತದೆ? ದೊಡ್ಡ ಕಂಪನಿಗೆ ಆರ್ಡರ್ ಸ್ವಲ್ಪ ಇಳಿದರೂ ಅದು ಮೊದಲು ಹೊರಗೆ ಕೊಡುವ ಕೆಲಸ ನಿಲ್ಲಿಸಿ, ತನ್ನ ಮಷಿನ್ ತುಂಬಿಸಿಕೊಳ್ಳುತ್ತದೆ. ಅವರ ಶೇ. 2 ನಿಮ್ಮ ಹತ್ತಿರ ಬರುವಷ್ಟರಲ್ಲಿ ರಾತ್ರಿ ಪಾಳಿಯನ್ನೇ ನುಂಗುತ್ತದೆ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ, ಗೊತ್ತಾಗಲೇಬೇಕು. ಮೂರು ತಿಂಗಳಿಗೊಮ್ಮೆ ಬರುವ ಈ ಅಂಕಿಗೆ ಯಾರೂ ನಿಮ್ಮ ಶಾಪಿಗೆ ಬಂದು ಲೆಕ್ಕ ಕೇಳಲ್ಲ. ಷೇರುಪೇಟೆಯಲ್ಲಿರುವ ಕಂಪನಿಗಳ ಫಲಿತಾಂಶ ನೋಡುತ್ತಾರೆ. ಕೈಗಾರಿಕಾ ಉತ್ಪಾದನಾ ಸೂಚ್ಯಂಕ ನೋಡುತ್ತಾರೆ. ಸಣ್ಣವರೂ ಹೆಚ್ಚು ಕಡಿಮೆ ಅದೇ ಸೂಚ್ಯಂಕದಂತೆ ನಡೆದಿದ್ದಾರೆ ಅಂತ ಹಿಡಿಯುತ್ತಾರೆ. ದೊಡ್ಡವರೂ ಸಣ್ಣವರೂ ಒಟ್ಟಿಗೆ ಏರಿ ಇಳಿಯುವ ಕಾಲದಲ್ಲಿ ಇದು ಸರಿ ಹೋಗುತ್ತದೆ. ದೊಡ್ಡವರು ನಿಂತು ಸಣ್ಣವರು ಬಿದ್ದ ಕಾಲದಲ್ಲಿ ಸಣ್ಣವರ ಬೀಳು ಆ ಅಂಕಿಯಲ್ಲಿ ಪೂರ್ತಿ ಕಾಣಲ್ಲ. ಹಾಗಂತ ಇಡೀ ಲೆಕ್ಕ ಸುಳ್ಳು ಅನ್ನೋದು ತಪ್ಪು. ಅದು ನಿಮ್ಮ ಶಾಪಿಗೆ ಸಾಕ್ಷಿ ಹೇಳಲ್ಲ, ಅಷ್ಟೇ. ಜಿಡಿಪಿ ತೋರಿಸಿ ನಿಮ್ಮ ಕಷ್ಟವನ್ನು ಸುಳ್ಳು ಮಾಡೋದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಈಗ ವಾಲ್ವ್ ವಿಷಯಕ್ಕೆ ಬನ್ನಿ. ನೀರಿನ ಯೋಜನೆಗೆ ಹೋಗುವ ಮಾಲು ಅಂದಿರಿ. ಅದರ ದುಡ್ಡು ಎಲ್ಲಿಂದ ಬರುತ್ತದೆ? ಸರ್ಕಾರದಿಂದ. ಈ ವರ್ಷ ಲೋಕಸಭೆ ಚುನಾವಣೆ ಇತ್ತು. ನೀತಿ ಸಂಹಿತೆಯಲ್ಲಿ ಹೊಸ ಟೆಂಡರ್ ನಿಂತವು. ಪೂರ್ಣ ಬಜೆಟ್ ಬಂದದ್ದು ಜುಲೈನಲ್ಲಿ. ಕೇಂದ್ರ ಸರ್ಕಾರ ವರ್ಷಕ್ಕೆ 11.11 ಲಕ್ಷ ಕೋಟಿ ಬಂಡವಾಳ ವೆಚ್ಚ (ರಸ್ತೆ, ರೈಲಿನಂಥ ಕಾಮಗಾರಿಗೆ ಹಾಕುವ ದುಡ್ಡು) ಮಾಡುತ್ತೇನೆ ಅಂದಿತ್ತು. ಸೆಪ್ಟೆಂಬರ್ ಕೊನೆಗೆ ಖರ್ಚಾದದ್ದು 4.15 ಲಕ್ಷ ಕೋಟಿ. ಹೋದ ವರ್ಷ ಇದೇ ಹೊತ್ತಿಗೆ ಖರ್ಚಾದದ್ದಕ್ಕಿಂತ ಸುಮಾರು ಶೇ. 15 ಕಡಿಮೆ. ನಿಮ್ಮ ಮಷಿನ್ ನಿಂತಿರುವುದಕ್ಕೂ ಬಿಲ್ ಎಳೆಯುತ್ತಿರುವುದಕ್ಕೂ ಇದರ ನಂಟು ದೊಡ್ಡದು ಅಂತ ನನಗೆ ಅನಿಸುತ್ತದೆ.

ಹಾಗಾಗಿ ಪಾರ್ಟ್ನರ್ ಜೊತೆ ಜಿಡಿಪಿ ಬಗ್ಗೆ ಜಗಳ ಬೇಡ. ನಿಮಗೆ ಕೆಲಸ ಕೊಡುವ ಕಂಪನಿಯ ಖರೀದಿ ವಿಭಾಗದವರ ಹತ್ತಿರ ಕೂತು ಮಾತಾಡಿ. ಮಾರ್ಚ್‌ವರೆಗೆ ಅವರ ಕೈಯಲ್ಲಿ ಯಾವ ಆರ್ಡರ್ ಇದೆ, ಅದರಲ್ಲಿ ಸರ್ಕಾರಿ ಎಷ್ಟು, ರಫ್ತು ಎಷ್ಟು ಅಂತ ಕೇಳಿ. ಇರುವ ಮಷಿನ್ನೇ ರಾತ್ರಿ ನಿಂತಿರುವಾಗ ಇನ್ನೊಂದರ ಕಂತು ಕಟ್ಟೋದು ನನಗಂತೂ ಸರಿ ಕಾಣಲ್ಲ. ದೇಶ ಶೇ. 8 ಬೆಳೆಯುತ್ತಿದ್ದರೂ ಇದನ್ನೇ ಹೇಳುತ್ತಿದ್ದೆ.

---

ಬ್ಯಾಡಗಿ ಮೆಣಸಿನಕಾಯಿ

ಅಕ್ಕಾರೇ, ಹಾವೇರಿ ಕಡೆಯಿಂದ ಒಂದು ಪ್ರಶ್ನೆ. ಆ ಲೆಕ್ಕದಲ್ಲಿ ಕೃಷಿ ಎಷ್ಟು ಬೆಳೆದಿದೆ? 3.5 ಅಂತ ಪೇಪರಿನಲ್ಲಿ ಓದಿದೆ. 2024ರ ಮಾರ್ಚ್‌ನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ಏನಾಯಿತು ಅಂತ ಎಲ್ಲರೂ ಟಿವಿಯಲ್ಲಿ ನೋಡಿದ್ದೀರಿ. ಮೆಣಸಿನಕಾಯಿ ದರ ಬಿತ್ತು, ರೈತರು ಸಿಟ್ಟಿಗೆದ್ದರು, ಎಪಿಎಂಸಿ ಕಚೇರಿಗೂ ಗಾಡಿಗಳಿಗೂ ಬೆಂಕಿ ಬಿತ್ತು. ಬೆಂಕಿ ಹಚ್ಚಿದ್ದು ಸರಿ ಅಂತ ಹೇಳೋದಿಲ್ಲ. ಆದರೆ ಚೀಲಗಳು ರಾಶಿ ರಾಶಿ ಬಂದಿದ್ದವು. ಬೆಳೆ ಬಂದಿತ್ತು, ರೇಟು ಬರಲಿಲ್ಲ. ನಮ್ಮ ಆ ನಷ್ಟ ನಿಮ್ಮ ಜಿಡಿಪಿಯಲ್ಲಿ ಎಲ್ಲಿ ಕಾಣುತ್ತದೆ?

ಈಗ ನೋಡಿದರೆ ಪೇಟೆಯಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಮುಟ್ಟೋ ಹಾಗಿಲ್ಲ. ನಾವು ಮಾರುವಾಗ ಸೋವಿ, ಕೊಳ್ಳುವಾಗ ತುಟ್ಟಿ.

---

ದುರ್ಗದಬೈಲ್ ಲೆಕ್ಕಪತ್ರ

ಅಣ್ಣಾ, ಅದು ಅಲ್ಲಿ ಹೆಚ್ಚು ಕಡಿಮೆ ಕಾಣೋದೇ ಇಲ್ಲ. 5.4, 3.5 ಅಂತ ಹೇಳುವ ಅಂಕಿಗಳನ್ನು 2011-12ರ ಬೆಲೆಗಳಲ್ಲಿ ಲೆಕ್ಕ ಹಾಕಿದ್ದಾರೆ. ಬೆಲೆ ಏರಿದ್ದನ್ನೇ ಬೆಳವಣಿಗೆ ಅಂತ ತಿಳಿಯಬಾರದು ಅನ್ನೋದು ಅದರ ಉದ್ದೇಶ. ಉದ್ದೇಶ ಸರಿಯೇ. ಆದರೆ ಚೀಲ ಜಾಸ್ತಿ ಬಂದು ದರ ಅರ್ಧಕ್ಕೆ ಬಿದ್ದರೂ ಆ ಲೆಕ್ಕದಲ್ಲಿ ಅದು ಬೆಳವಣಿಗೆಯೇ. ರೈತನ ಕೈಗೆ ಎಷ್ಟು ಬಂತು ಅನ್ನೋದು ಬೇರೆಯೇ ಮಾತು. 2020ರಲ್ಲಿ ದೇಶ ಶೇ. 23.9 ಕುಗ್ಗಿದ ತ್ರೈಮಾಸಿಕದಲ್ಲೂ ಕೃಷಿ ಶೇ. 3.4 ಬೆಳೆದಿತ್ತು. ಲಾಕ್‌ಡೌನಿನಲ್ಲಿ ಟೊಮೆಟೊ, ಹೂವು ಹೊಲದಲ್ಲೇ ಬಿಟ್ಟವರಿಗೆ ಆ ಅಂಕಿಯನ್ನು ಹೇಗೆ ತೋರಿಸೋದು? ದೇಶದ ದುಡಿಯುವ ಜನರಲ್ಲಿ ನೂರಕ್ಕೆ 46 ಮಂದಿ ಕೃಷಿಯಲ್ಲಿದ್ದಾರೆ. ಆದಾಯದಲ್ಲಿ ಅದರ ಪಾಲು ಐದನೇ ಒಂದಕ್ಕಿಂತ ಕಡಿಮೆ.

ತುಟ್ಟಿ ಅಂದಿರಲ್ಲ, ಅದೂ ನಿಜ. ಅಕ್ಟೋಬರ್‌ನಲ್ಲಿ ಆಹಾರದ ಹಣದುಬ್ಬರ ಶೇ. 10.87 ಇತ್ತು. ತರಕಾರಿಯದ್ದು ಶೇ. 42. ಹಳೇ ಹುಬ್ಬಳ್ಳಿ ಅಣ್ಣಾರೇ, ನಿಮ್ಮ ಗಿರಾಕಿ ಸೀರೆ ಬಿಟ್ಟು ಹೋದದ್ದಕ್ಕೆ ಕಾರಣ ಇಲ್ಲಿದೆ. ತಿಂಗಳ ದುಡ್ಡು ಸಂತೆಯಲ್ಲೇ ಮುಗಿಯುತ್ತಿದೆ.

ಅಮೆರಿಕದ ವಿಷಯದಲ್ಲಿ ಮಾತ್ರ ನಿಮ್ಮ ಮಾತು ಒಪ್ಪಲಾರೆ. ಅಲ್ಲಿ ಹಿಂಜರಿತ ಅಂತ ಹೇಳೋದು ಸರ್ಕಾರ ಅಲ್ಲ. 1920ರಲ್ಲಿ ಶುರುವಾದ ಎನ್‌ಬಿಇಆರ್ ಅನ್ನುವ ಖಾಸಗಿ ಸಂಶೋಧನಾ ಸಂಸ್ಥೆ ಇದೆ. ಅದರ ಅರ್ಥಶಾಸ್ತ್ರಜ್ಞರ ಸಮಿತಿ ದಿನಾಂಕ ಗುರುತು ಮಾಡುತ್ತದೆ. ಅವರು ಉದ್ಯೋಗ, ಆದಾಯ, ಮಾರಾಟ, ಉತ್ಪಾದನೆ ಎಲ್ಲ ನೋಡುತ್ತಾರೆ. ಎರಡು ತ್ರೈಮಾಸಿಕದ ಸೂತ್ರ ಅವರದ್ದಲ್ಲ. ಜೂಲಿಯಸ್ ಶಿಸ್ಕಿನ್ ಅನ್ನುವ ಅಂಕಿಸಂಖ್ಯಾ ತಜ್ಞರು 1974ರಲ್ಲಿ ಪತ್ರಿಕೆಗೆ ಬರೆದ ಲೇಖನದಿಂದ ಅದು ಜನಪ್ರಿಯವಾಯಿತು. 2001ರಲ್ಲಿ ಎರಡು ತ್ರೈಮಾಸಿಕ ಸತತವಾಗಿ ಬೀಳದಿದ್ದರೂ ಸಮಿತಿ ಹಿಂಜರಿತ ಅಂದಿತು. 2022ರಲ್ಲಿ ಎರಡು ಬಿದ್ದರೂ ಅನ್ನಲಿಲ್ಲ. ಆ ಜುಲೈನಲ್ಲಿ ನಿರುದ್ಯೋಗ ಬರೀ ಶೇ. 3.5 ಇತ್ತು. ಕೆಲಸ ಹೆಚ್ಚುತ್ತಲೇ ಇತ್ತು. ಆಮೇಲೆ ಲೆಕ್ಕ ಪರಿಷ್ಕರಿಸಿದಾಗ ಎರಡನೇ ತ್ರೈಮಾಸಿಕ ಬಿದ್ದೇ ಇರಲಿಲ್ಲ ಅಂತಲೂ ಗೊತ್ತಾಯಿತು.

ಬ್ರಿಟನ್ನಿನಲ್ಲೂ ಹೀಗೇ. 2012ರಲ್ಲಿ ಹಿಂಜರಿತ ಬಂತು ಅಂತ ದೊಡ್ಡ ಗದ್ದಲ ಆಯಿತು. 2013ರ ಜೂನ್‌ನಲ್ಲಿ ಲೆಕ್ಕ ತಿದ್ದಿದಾಗ ಅದು ಅಳಿಸಿಹೋಯಿತು. ಜಪಾನಿನಲ್ಲಿ 2024ರ ಫೆಬ್ರವರಿಯಲ್ಲಿ ಬಂತು ಅಂದರು, ಮಾರ್ಚ್‌ನಲ್ಲಿ ಇಲ್ಲ ಅಂದರು. ಮೊದಲ ಅಂಕಿ ನೋಡಿ ಆ ಕಡೆಗೋ ಈ ಕಡೆಗೋ ಆಣೆ ಮಾಡಬೇಡಿ. ನಮ್ಮ ಈ 5.4 ಕೂಡ ಮುಂದೆ ಬದಲಾಗಬಹುದು. ನಮ್ಮಲ್ಲಿ ಅಮೆರಿಕದ ಹಾಗೆ ದಿನಾಂಕ ಘೋಷಿಸುವ ಸಮಿತಿಯೂ ಇಲ್ಲ. ನಾವು ಒಂದು ವರ್ಷದ ಹಿಂದಿನ ತ್ರೈಮಾಸಿಕಕ್ಕೆ ಹೋಲಿಸುತ್ತೇವೆ, ಅವರು ಹಿಂದಿನ ಮೂರು ತಿಂಗಳಿಗೆ. ಇಬ್ಬರ ಅಂಕಿಯನ್ನು ಪಕ್ಕ ಪಕ್ಕ ಇಟ್ಟು ವಾದ ಮಾಡುವವರು ಇದನ್ನು ಮರೆಯುತ್ತಾರೆ.

---

ಗೋಕುಲರೋಡ್ ವರ್ಕ್‌ಶಾಪ್

ತಂಗೀ, ಬಹಳ ಉಪಕಾರ ಆಯಿತು. ನಿಮ್ಮ ಉತ್ತರವನ್ನು ಪಾರ್ಟ್ನರ್‌ಗೂ ಓದಿ ಹೇಳಿದೆ. ಸೋಮವಾರ ಕಂಪನಿಗೆ ಹೋಗಿ ಆರ್ಡರ್ ಬಗ್ಗೆ ಕೇಳುತ್ತೇವೆ. ಮೂರು ತಿಂಗಳಿನಿಂದ ಬಾಕಿ ಇರುವ ಬಿಲ್ಲಿಗೆ ಏನಾದರೂ ದಾರಿ ಇದೆಯಾ? ಜೋರು ಮಾಡಿದರೆ ಇರುವ ಕೆಲಸವೂ ಹೋಗುತ್ತದೆ ಅನ್ನುವ ಭಯ.

---

ದುರ್ಗದಬೈಲ್ ಲೆಕ್ಕಪತ್ರ

ಇದೆ. ನಿಮ್ಮ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ದಿಮೆಗಳಿಗೆ ಸರ್ಕಾರ ಮಾಡಿಕೊಡುವ ನೋಂದಣಿ, ಆಗಿದೆಯಾ ನೋಡಿ. ಆಗಿದ್ದರೆ ಅದರಲ್ಲಿ ಟ್ರೇಡಿಂಗ್ ಅಂತ ಬರೆದಿದ್ದಾರಾ ಅಂತಲೂ ನೋಡಿ. ಬಹಳ ಜನರದ್ದು ಹಾಗೆ ಬರೆದಿರುತ್ತದೆ. ನೀವು ಮಾಡೋದು ತಯಾರಿಕೆಯ ಕೆಲಸ, ಅದನ್ನು ಸರಿ ಮಾಡಿಸಿ.

ಸಣ್ಣ ಉದ್ದಿಮೆಯವರಿಗೆ ಕರಾರು ಪತ್ರ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದಲ್ಲಿ ದುಡ್ಡು ಕೊಡಬೇಕು. ಇದು 2006ರ ಕಾಯ್ದೆ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳುವ ಹಕ್ಕು ನಿಮಗಿದೆ. ಆದಾಯ ತೆರಿಗೆಯಲ್ಲೂ 43ಬಿ(ಎಚ್) ಅನ್ನುವ ನಿಯಮ ಬಂದಿದೆ. ಗಡುವು ಮೀರಿದ ಬಾಕಿಯನ್ನು ಮಾರ್ಚ್ 31ರೊಳಗೂ ತೀರಿಸದಿದ್ದರೆ ಕಂಪನಿ ಆ ಮೊತ್ತವನ್ನು ಆ ವರ್ಷದ ಖರ್ಚಿನಲ್ಲಿ ತೋರಿಸುವಂತಿಲ್ಲ. ಅದರ ಮೇಲೆ ಅವರೇ ತೆರಿಗೆ ಕಟ್ಟಬೇಕಾಗುತ್ತದೆ.

ಜೋರು ಮಾಡೋದು ಬೇಡ. ಉದ್ಯಮ್ ನಂಬರನ್ನು ಪ್ರತಿ ಬಿಲ್ಲಿನ ಮೇಲೆ ಹಾಕಿ. ಸರ್ಟಿಫಿಕೇಟಿನ ಪ್ರತಿಯನ್ನು ಅವರ ಅಕೌಂಟ್ಸ್ ವಿಭಾಗಕ್ಕೆ ಮೇಲ್ ಮಾಡಿ. ವರ್ಷದ ಕೊನೆ ಹತ್ತಿರ ಬರುತ್ತಿದೆ. ಅವರ ಆಡಿಟರ್ ಆ ನಂಬರ್ ನೋಡಿದರೆ ತಾನೇ ಫೋನ್ ಮಾಡಿ ಬಾಕಿ ಎಷ್ಟು ಅಂತ ಕೇಳುತ್ತಾರೆ. ಸೋಮವಾರ ಹೋಗುವಾಗ ಆ ಪ್ರತಿ ಜೊತೆಗೇ ತಗೊಂಡು ಹೋಗಿ.