ಪ್ರಶ್ನೋತ್ತರ: ಬೆಳಕು, ಡಿಎನ್‌ಎ ಇಮ್ಮಡಿ ಮತ್ತು ಸಸ್ಯಕೋಶದ ಬೆಳವಣಿಗೆ

ಸಂಶೋಧನಾ ವಿದ್ಯಾರ್ಥಿ: ಮೇಡಂ, ಪ್ರಯೋಗಾಲಯದಲ್ಲಿ ಬಳಸುವ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದ ಸಸಿಗಳನ್ನು ಕತ್ತಲೆಯಲ್ಲಿ, ಅಂಟುಪಟ್ಟಿಯಿಂದ ಬಿಗಿಯಾಗಿ ಮುಚ್ಚಿದ ತಟ್ಟೆಗಳಲ್ಲಿ ಬೆಳೆಸಿದ್ದೆ. ಬೀಜದಳದ ಕೆಳಗಿನ ಕಾಂಡದ ಕೋಶಕೇಂದ್ರಗಳನ್ನು ಡಿಎನ್‌ಎ ಪ್ರಮಾಣ ತಿಳಿಸುವ ಫ್ಲೋ ಸೈಟೊಮೀಟರ್ ಯಂತ್ರದಲ್ಲಿ ಅಳೆದಾಗ 16ಸಿ ಶಿಖರ (ಸಿ ಎಂದರೆ ಒಂದು ಕ್ರೋಮೊಸೋಮ್ ತಂಡದ ಡಿಎನ್‌ಎ ಪ್ರಮಾಣ) ಸ್ಪಷ್ಟವಾಗಿತ್ತು, 32ಸಿ ಬಳಿಯೂ ಚಿಕ್ಕದೊಂದು ಶಿಖರ ಕಂಡಿತು. ಆದರೆ ಕಾಂಡ ಗಿಡ್ಡವಾಗಿ ದಪ್ಪಗಾಗಿದೆ, ತುದಿಯ ಕೊಕ್ಕೆ ಸುರುಳಿಯಂತೆ ಬಿಗಿದುಕೊಂಡಿದೆ. ಡಿಎನ್‌ಎ ಇಷ್ಟು ಹೆಚ್ಚಿದ್ದೂ ಕೋಶ ಏಕೆ ಉದ್ದವಾಗಲಿಲ್ಲ?

ಸಸ್ಯಕೋಶ ವಿಜ್ಞಾನಿ: ಇದಕ್ಕೆ ವಿವರವಾಗಿಯೇ ಉತ್ತರಿಸಬೇಕು. ಆ ಕಾಂಡದ ಕೋಶಗಳ ಸಂಖ್ಯೆ ಭ್ರೂಣದಲ್ಲೇ ಬಹುಮಟ್ಟಿಗೆ ನಿಗದಿಯಾಗಿರುತ್ತದೆ, ಉದ್ದಕ್ಕೆ ಒಂದು ಸಾಲಿನಲ್ಲಿ ಸುಮಾರು 20. ಮೊಳಕೆಯ ನಂತರದ ಬೆಳವಣಿಗೆಯೆಲ್ಲ ಹೆಚ್ಚುಕಡಿಮೆ ಕೋಶ ಹಿಗ್ಗುವುದರಿಂದಲೇ ಆಗುತ್ತದೆ. ಆ ಹಂತದಲ್ಲಿ ಕೋಶ ವಿಭಜನೆಯನ್ನು ಕೈಬಿಟ್ಟು ಡಿಎನ್‌ಎಯನ್ನು ಮಾತ್ರ ನಕಲು ಮಾಡಿಕೊಳ್ಳುತ್ತ 2ಸಿಯಿಂದ 4ಸಿಗೆ, 8ಸಿಗೆ ಏರುತ್ತದೆ, ಇದೇ ಎಂಡೋರೆಡುಪ್ಲಿಕೇಶನ್. ಬೆಳಕಿನಲ್ಲಿ ಅದು ಸಾಮಾನ್ಯವಾಗಿ 8ಸಿಗೆ ನಿಲ್ಲುತ್ತದೆ, ಕತ್ತಲೆಯಲ್ಲಿ ಇನ್ನೊಂದು ಸುತ್ತು ನಡೆದು 16ಸಿ ಮುಟ್ಟುತ್ತದೆ. ಬೆಳಕಿನಲ್ಲಿ ಆ ಕೊನೆಯ ಸುತ್ತನ್ನು ತಡೆಯುವುದರಲ್ಲಿ ಫೈಟೊಕ್ರೋಮ್‌ಗಳ, ಅಂದರೆ ಬೆಳಕನ್ನು ಗ್ರಹಿಸುವ ಪ್ರೋಟೀನ್‌ಗಳ, ಪಾತ್ರವಿದೆ. ಆದ್ದರಿಂದ ನಿಮ್ಮ 16ಸಿ ಶಿಖರದಲ್ಲಿ ವಿಚಿತ್ರವೇನೂ ಇಲ್ಲ.

ನನಗೆ ಅನುಮಾನ ತರಿಸಿದ್ದು ನಿಮ್ಮ ಅಂಟುಪಟ್ಟಿ. ಗಿಡ್ಡ ಕಾಂಡ, ದಪ್ಪ, ಬಿಗಿದ ಕೊಕ್ಕೆ, ಈ ಮೂರೂ ಒಟ್ಟಿಗೆ ಕಂಡರೆ ಮೊದಲು ಶಂಕಿಸಬೇಕಾದದ್ದು ಎಥಿಲೀನನ್ನು. ಸಸಿಗಳೇ ಬಿಡುವ ಆ ಅನಿಲ ಮುಚ್ಚಿದ ತಟ್ಟೆಯಲ್ಲಿ ಶೇಖರವಾಗುತ್ತದೆ. ಎಥಿಲೀನ್ ಎಂಡೋರೆಡುಪ್ಲಿಕೇಶನ್ನಿನ ಸುತ್ತನ್ನು ಹೆಚ್ಚಿಸಬಲ್ಲದು. ಅದೇ ವೇಳೆಗೆ ಕೋಶದಂಚಿನ ಮೈಕ್ರೊಟ್ಯೂಬ್ಯೂಲ್ ಎಂಬ ಸೂಕ್ಷ್ಮ ಪ್ರೋಟೀನ್ ಕೊಳವೆಗಳ ದಿಕ್ಕು ಬದಲಾಗಿ, ಕೋಶಭಿತ್ತಿಯ ಸೆಲ್ಯುಲೋಸ್ ಎಳೆಗಳು ಉದ್ದಕ್ಕೆ ಹಾಸಿಕೊಂಡು, ಕೋಶ ಅಡ್ಡಕ್ಕೆ ಉಬ್ಬುತ್ತದೆ. ಡಿಎನ್‌ಎ ಪ್ರಮಾಣ ಕೋಶಕ್ಕೆ ಹಿಗ್ಗುವ ಸಾಮರ್ಥ್ಯವನ್ನು ಒದಗಿಸಬಹುದೇ ಹೊರತು, ಯಾವ ದಿಕ್ಕಿಗೆ ಹಿಗ್ಗಬೇಕೆಂಬುದನ್ನು ತೀರ್ಮಾನಿಸುವುದು ಭಿತ್ತಿ. ಗಾಳಿಯಾಡುವ ಪಟ್ಟಿ ಹಾಕಿ ಮತ್ತೆ ಬೆಳೆಸಿ. ಜೊತೆಗೆ ಎಥಿಲೀನ್ ಗ್ರಹಿಕೆಯನ್ನು ತಡೆಯುವ ಸಿಲ್ವರ್ ನೈಟ್ರೇಟ್ ಇರುವ ಒಂದು ತಂಡವನ್ನೂ ಇಡಿ. ಅಲ್ಲಿಯವರೆಗೆ ಈ ಅಂಕಿಗಳನ್ನು ಪ್ರಬಂಧಕ್ಕೆ ಸೇರಿಸಬೇಡಿ.

ಹವ್ಯಾಸಿ ತೋಟಗಾರ: ಬೀಜವನ್ನು ಕಾಲ್ಚಿಸಿನ್ ದ್ರಾವಣದಲ್ಲಿ ನೆನೆಸಿದರೆ ಡಿಎನ್‌ಎ ಇಮ್ಮಡಿಯಾಗಿ ಹಣ್ಣು ದೊಡ್ಡದಾಗುತ್ತದೆ ಎಂಬ ಸಂದೇಶ ಹರಿದಾಡುತ್ತಿದೆ. ಮನೆಯಲ್ಲೇ ಮಾಡಬಹುದೇ?

ಸಸ್ಯಕೋಶ ವಿಜ್ಞಾನಿ: ಮಾಡಬೇಡಿ. ಕಾಲ್ಚಿಸಿನ್ ವಿಷ. ಕೋಶ ವಿಭಜನೆಯಲ್ಲಿ ಕ್ರೋಮೊಸೋಮ್‌ಗಳನ್ನು ಬೇರ್ಪಡಿಸುವ ಕದಿರನ್ನು ಅದು ಮುರಿಯುತ್ತದೆ, ನಿಮ್ಮ ದೇಹದ ಕೋಶಗಳಲ್ಲೂ ಅದನ್ನೇ ಮಾಡುತ್ತದೆ. ಅದರಿಂದ ಹುಟ್ಟುವುದು ಬಹುಗುಣಿತ ಸಸ್ಯ, ಅಂದರೆ ಕ್ರೋಮೊಸೋಮ್ ತಂಡಗಳೇ ಹೆಚ್ಚಾದ ಸಸ್ಯ, ಇಲ್ಲಿ ಚರ್ಚಿಸುತ್ತಿರುವ ವಿಷಯವೇ ಬೇರೆ. ಟೊಮೆಟೊ ಹಣ್ಣಿನ ತಿರುಳಿನ ಕೋಶಗಳು ಯಾರ ಸಹಾಯವೂ ಇಲ್ಲದೆ 256ಸಿ ತಲುಪುತ್ತವೆ. ಇಂತಹ ಸಂದೇಶಗಳನ್ನು ದಯವಿಟ್ಟು ಇಲ್ಲಿಗೆ ತರಬೇಡಿ.

ಹೊಸ ಸದಸ್ಯೆ: ಹಾಗಾದರೆ ಗಿಡವನ್ನು ಕತ್ತಲೆಯಲ್ಲಿಟ್ಟರೆ ಬೇಗ ಬೆಳೆಯುತ್ತದೆಯಲ್ಲವೇ? ಎಲ್‌ಇಡಿ ದೀಪದಡಿಯ ಕಳ್ಳಿಗೂ ಇದು ಅನ್ವಯಿಸುತ್ತದೆಯೇ?

ಸಸ್ಯಕೋಶ ವಿಜ್ಞಾನಿ: ಇಲ್ಲ. ಕತ್ತಲೆಯ ಸಸಿ ಬೀಜದ ಆಹಾರ ಸಂಗ್ರಹ ತೀರುವವರೆಗೆ ಉದ್ದವಾಗುತ್ತದೆ, ನಂತರ ಸಾಯುತ್ತದೆ.

ನಿವೃತ್ತ ಅಧ್ಯಾಪಕ: ಡಿಎನ್‌ಎ ಹೆಚ್ಚಳವೇ ಗಾತ್ರಕ್ಕೆ ಮೂಲ ಕಾರಣ. ಅರಾಬಿಡಾಪ್ಸಿಸ್ ಎಲೆಯ ರೋಮ ಒಂದೇ ಕೋಶ, ಸುಮಾರು 32ಸಿ. ಜೀನ್ ಬದಲಾಗಿ ಡಿಎನ್‌ಎ ಕಡಿಮೆಯಿರುವ ಗಿಡಗಳಲ್ಲಿ (ಮ್ಯೂಟಂಟ್‌ಗಳಲ್ಲಿ) ಅದು ಚಿಕ್ಕದಾಗಿ, ಕವಲು ಕಡಿಮೆಯಾಗುತ್ತದೆ. ಇದಕ್ಕಿಂತ ಸಾಕ್ಷ್ಯ ಬೇಕೇ?

ಜೀವಶಾಸ್ತ್ರ ಉಪನ್ಯಾಸಕಿ: ಬೇಕು ಸರ್. ಮೇಲಿನ ಗಿಡ್ಡ ಕಾಂಡವೇ ನಿಮ್ಮ ವಾದಕ್ಕೆ ವಿರುದ್ಧವಿದೆಯಲ್ಲ.

ನಿವೃತ್ತ ಅಧ್ಯಾಪಕ: ಗಿಡ್ಡವಾದರೇನು, ದಪ್ಪಗಾಗಿದೆ. ಉದ್ದ ಬೇರೆ, ಗಾತ್ರ ಬೇರೆ ಎಂಬುದನ್ನಾದರೂ ತಿಳಿದು ಮಾತನಾಡಿ.

ಜೀವಶಾಸ್ತ್ರ ಉಪನ್ಯಾಸಕಿ: ಗಾತ್ರ ಅಳೆದದ್ದು ಯಾರು? ನೀವಂತೂ ಅಲ್ಲ.

ಸಸ್ಯಕೋಶ ವಿಜ್ಞಾನಿ: ಅಧ್ಯಾಪಕರು ಉದ್ದವನ್ನೂ ಗಾತ್ರವನ್ನೂ ಬೇರ್ಪಡಿಸಿದ್ದು ಸರಿ, ‘ಮೂಲ ಕಾರಣ’ ಎಂದದ್ದು ಸರಿಯಲ್ಲ. ಸಿಯಾಮೀಸ್ ಎಂಬ ಜೀನ್ ಕೆಟ್ಟರೆ ಅದೇ ರೋಮ ಎಂಡೋರೆಡುಪ್ಲಿಕೇಶನ್ ಬಿಟ್ಟು ವಿಭಜಿಸತೊಡಗುತ್ತದೆ, ಒಂದು ಕೋಶದ ಜಾಗದಲ್ಲಿ ಹಲವು ಕೋಶಗಳಾಗುತ್ತವೆ. ಕೋಶ ಯಾವ ದಾರಿ ಹಿಡಿಯಿತೆಂಬುದನ್ನು ನೋಡದೆ ಡಿಎನ್‌ಎ ಅಂಕಿಯೊಂದನ್ನೇ ಹಿಡಿದು ವಾದಿಸಿ ಫಲವಿಲ್ಲ.

ಮತ್ತೊಬ್ಬ ಸದಸ್ಯ: ಕತ್ತಲೆಯಲ್ಲಿ ಕೋಶಗಳ ಸಂಖ್ಯೆ ಹೆಚ್ಚುತ್ತದೆಯೇ?

ಸಸ್ಯಕೋಶ ವಿಜ್ಞಾನಿ: ಮೊದಲ ಉತ್ತರ ಓದಿ.

ಸಂಶೋಧನಾ ವಿದ್ಯಾರ್ಥಿ: ಮೇಡಂ, ಪಟ್ಟಿ ಬದಲಿಸುತ್ತೇನೆ. ಕತ್ತಲೆಯ ತಟ್ಟೆಗಳನ್ನು ನಡುವೆ ಪರೀಕ್ಷಿಸಲು ಕೆಂಪು ದೀಪ ಬಳಸಬಹುದೇ?

ಸಸ್ಯಕೋಶ ವಿಜ್ಞಾನಿ: ಖಂಡಿತ ಬೇಡ. ಫೈಟೊಕ್ರೋಮ್ ಚುರುಕಾಗುವುದೇ 660 ನ್ಯಾನೊಮೀಟರ್ ಆಸುಪಾಸಿನ ಕೆಂಪು ಬೆಳಕಿನಿಂದ. ನೋಡಲೇಬೇಕೆಂದರೆ ಮಂದ ಹಸಿರು ದೀಪ, ಅದೂ ಕ್ಷಣಹೊತ್ತು. ನೋಡಿದ ತಟ್ಟೆಯನ್ನು ಅಳತೆಯಿಂದ ಕೈಬಿಡುವುದು ಇನ್ನೂ ಒಳ್ಳೆಯದು.