ಲ್ಯಾವರ್ಟನ್‌ನಿಂದ ಉಲುರುವರೆಗೆ ಗ್ರೇಟ್ ಸೆಂಟ್ರಲ್ ರೋಡ್: ಬಾಡಿಗೆ ಕ್ಯಾಂಪರ್‌ಗೆ ಡೀಸೆಲ್, ನೀರು, ಟೈರ್ ಲೆಕ್ಕ ಹೇಗೆ?

ಮಣ್ಣುದಾರಿ:

ಎಲ್ಲರಿಗೂ ನಮಸ್ಕಾರ. ಬರುವ ಜುಲೈನಲ್ಲಿ ನಾವಿಬ್ಬರು ಆಸ್ಟ್ರೇಲಿಯಾದ ಪರ್ತ್‌ನಿಂದ ಹೊರಟು, ಕಾಲ್ಗೂರ್ಲಿ, ಲ್ಯಾವರ್ಟನ್ ದಾಟಿ, ಗ್ರೇಟ್ ಸೆಂಟ್ರಲ್ ರೋಡ್ ಎಂಬ ಮರುಭೂಮಿಯ ಮಣ್ಣುರಸ್ತೆ ಹಿಡಿದು, ಉಲುರು ಪಕ್ಕದ ಊರಾದ ಯುಲಾರಾ ಸೇರಿ, ಅಲ್ಲಿಂದ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಗಾಡಿ ಒಪ್ಪಿಸುವ ಯೋಚನೆಯಲ್ಲಿದ್ದೇವೆ. ಕೈಯಲ್ಲಿರುವುದು 18 ದಿನ. ಗಾಡಿ ಬಾಡಿಗೆಯದು: ಟೊಯೋಟಾ ಹೈಲಕ್ಸ್ ಪಿಕಪ್ ಮೇಲೆ ಕಟ್ಟಿದ ಫೋರ್‌ವೀಲ್ ಡ್ರೈವ್ ಕ್ಯಾಂಪರ್ (ಮಲಗಲು, ಅಡುಗೆಗೆ ಜಾಗವಿರುವ ಗಾಡಿ), 80 ಲೀಟರ್ ಡೀಸೆಲ್ ಟ್ಯಾಂಕ್, 60 ಲೀಟರ್ ನೀರಿನ ಟ್ಯಾಂಕ್, ಒಂದು ಸ್ಟೆಪ್ನಿ.

ಕೇಳಬೇಕಾದದ್ದು ಇಷ್ಟು. ಡೀಸೆಲ್‌ಗೆ ಎಷ್ಟು ಜೆರ್ರಿಕ್ಯಾನ್ ಬೇಕು? 60 ಲೀಟರ್ ನೀರು ಸಾಕೇ? ಟೈರ್ ಗಾಳಿ ಒಬ್ಬರು 40 ಪಿಎಸ್‌ಐ ಅನ್ನುತ್ತಾರೆ, ಇನ್ನೊಬ್ಬರು 25 ಅನ್ನುತ್ತಾರೆ, ಯಾವುದು ಸರಿ? ಸ್ಯಾಟಲೈಟ್ ಫೋನ್ ಬೇಕೇಬೇಕಾ? ಕೊನೆಯದಾಗಿ, ದಿನ ಉಳಿದರೆ ಇದೇ ಗಾಡಿಯಲ್ಲಿ ಸಿಂಪ್ಸನ್ ಮರುಭೂಮಿ ದಾಟಿ ಬರ್ಡ್ಸ್‌ವಿಲ್‌ಗೆ ಹೋಗಿ ಬರಬಹುದಾ?

ಸ್ಪಿನಿಫೆಕ್ಸ್:

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಸಿಂಪ್ಸನ್ ಕೈಬಿಡಿ. ಅಲ್ಲಿ 1,100ಕ್ಕೂ ಹೆಚ್ಚು ಮರಳುದಿಬ್ಬಗಳಿವೆ. ಮರುಭೂಮಿಯ ಪಶ್ಚಿಮ ಅಂಚಿನ ಮೌಂಟ್ ಡೇರ್ ಬಿಟ್ಟರೆ ಬರ್ಡ್ಸ್‌ವಿಲ್‌ವರೆಗೆ 500 ಕಿ.ಮೀ.ಗೂ ಹೆಚ್ಚು ದೂರ ಡೀಸೆಲ್ ಸಿಗುವುದಿಲ್ಲ. ಮರಳಿನಲ್ಲಿ 100 ಕಿ.ಮೀ.ಗೆ 20 ಲೀಟರ್ ಕುಡಿಯುವ ಗಾಡಿಗೆ ನಿಮ್ಮ ಟ್ಯಾಂಕ್ ಯಾವ ಲೆಕ್ಕಕ್ಕೂ ಬರುವುದಿಲ್ಲ. ತಲೆಭಾರದ ಕ್ಯಾಂಪರ್ ದಿಬ್ಬದ ಮೇಲೆ ಅಡ್ಡವಾಯಿತೆಂದರೆ ಮಗುಚಿ ಬೀಳುತ್ತದೆ. ಹೆಚ್ಚಿನ ಬಾಡಿಗೆ ಕರಾರುಗಳಲ್ಲಿ ಸಿಂಪ್ಸನ್ ಮತ್ತು ಕ್ಯಾನಿಂಗ್ ಸ್ಟಾಕ್ ರೂಟ್ ಎಂಬ ಇನ್ನೊಂದು ಮರುಭೂಮಿ ದಾರಿ ಎರಡಕ್ಕೂ ನಿಷೇಧವಿರುತ್ತದೆ. ಉಳಿದ ದಿನಗಳನ್ನು ಯುಲಾರಾದಿಂದ ಕಿಂಗ್ಸ್ ಕ್ಯಾನಿಯನ್, ಮೆರೀನಿ ಲೂಪ್ ರಸ್ತೆ, ಪಶ್ಚಿಮ ಮ್ಯಾಕ್‌ಡೊನೆಲ್ ಬೆಟ್ಟಗಳ ಕಡೆ ಹಾಕಿ. ಮೆರೀನಿಗೆ ಬೇರೆ ಪಾಸ್ ಬೇಕು, ನೆನಪಿರಲಿ.

ಈಗ ಡೀಸೆಲ್. ಒಟ್ಟು ದೂರ ಹಿಡಿದು ಲೆಕ್ಕ ಹಾಕಬೇಡಿ, ಬಂಕ್‌ಗಳ ನಡುವಿನ ಅಂತರ ಹಿಡಿದು ಹಾಕಿ. ಲ್ಯಾವರ್ಟನ್‌ನಿಂದ ಜುಕಾಯಿರ್ಲಾ ರೋಡ್‌ಹೌಸ್ (ಬಂಕ್, ಊಟ, ತಂಗಲು ಜಾಗ ಇರುವ ದಾರಿಬದಿಯ ತಾಣ) ಸುಮಾರು 305 ಕಿ.ಮೀ., ಅಲ್ಲಿಂದ ವಾರ್ಬರ್ಟನ್ 255, ಮುಂದೆ ವಾರಾಕುರ್ನಾ 230, ಡಾಕರ್ ರಿವರ್ 100, ಯುಲಾರಾ 235. ಅತಿ ಉದ್ದದ ಅಂತರ 305 ಅಂದಮೇಲೆ 80 ಲೀಟರ್ ಸಾಕಲ್ಲ ಅನ್ನಿಸುತ್ತದೆ. ಆದರೆ ಜನರೇಟರ್ ಕೆಟ್ಟಿತು, ಟ್ಯಾಂಕರ್ ಬಂದಿಲ್ಲ, ಊರಲ್ಲಿ ಸಾವಾಗಿದೆ, ಹೀಗೆ ಯಾವ ಕಾರಣಕ್ಕಾದರೂ ಒಂದು ಬಂಕ್ ಮುಚ್ಚಿರಬಹುದು. ಆದ್ದರಿಂದ ಒಂದು ಬಂಕ್ ಇಲ್ಲವೇ ಇಲ್ಲ ಎಂದುಕೊಂಡು ಲೆಕ್ಕ ಹಾಕಬೇಕು. 305 ಮತ್ತು 255 ಸೇರಿ 560 ಕಿ.ಮೀ. ತುಂಬಿದ ಕ್ಯಾಂಪರ್‌ಗೆ ಮಣ್ಣಿನಲ್ಲಿ 100 ಕಿ.ಮೀ.ಗೆ 15 ಲೀಟರ್ ಹಿಡಿದರೆ 84 ಲೀಟರ್. ಎದುರುಗಾಳಿ, ಕೆಸರು, ದಾರಿ ತಪ್ಪಿ ವಾಪಸ್ ಬರುವುದಕ್ಕೆ ಇನ್ನೂ ಐದನೇ ಒಂದು ಪಾಲು ಸೇರಿಸಿದರೆ 101. ಅಂದರೆ 20 ಲೀಟರಿನ ಎರಡು ಕ್ಯಾನ್. ಪರ್ತ್‌ನಿಂದಲೇ ತುಂಬಿ ಹೊತ್ತು ತರಬೇಕಿಲ್ಲ, ಲ್ಯಾವರ್ಟನ್‌ನಲ್ಲಿ ತುಂಬಿ. ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿದಮೇಲೆ ಅವನ್ನು ಅದಕ್ಕೆ ಸುರಿದುಬಿಡಿ, ಕ್ಯಾನ್ ಅಲುಗಾಡಿ ಸೋರುವ ಭಯ ಇರುವುದಿಲ್ಲ. ಕ್ಯಾನ್‌ಗಳು ಮಲಗುವ ಜಾಗದೊಳಗೆ ಇರಕೂಡದು. ಚಾವಣಿಯ ಮೇಲೂ ಬೇಡ.

ಪೆಟ್ರೋಲ್ ಗಾಡಿಯಲ್ಲಿ ಹೋಗುವವರಿಗೆ ಒಂದು ಮಾತು: ಆ ಕಡೆಯ ಬಂಕ್‌ಗಳಲ್ಲಿ ಸಾಮಾನ್ಯ ಪೆಟ್ರೋಲ್ ಬದಲು ಓಪಲ್ ಎಂಬ ಇಂಧನ ಮಾರುತ್ತಾರೆ. ಪೆಟ್ರೋಲ್ ಮೂಸುವ ಚಟ ತಪ್ಪಿಸಲೆಂದು, ನಶೆ ಏರಿಸುವ ಅಂಶವನ್ನು ಬಹಳ ಕಡಿಮೆ ಮಾಡಿದ ಪೆಟ್ರೋಲ್ ಅದು. ಎಂಜಿನ್‌ಗೆ ತೊಂದರೆಯಿಲ್ಲ.

ನೀರು: ಒಬ್ಬರಿಗೆ ದಿನಕ್ಕೆ 7 ಲೀಟರ್, ಕುಡಿಯಲು ಮತ್ತು ಅಡುಗೆಗೆ. ಒಂದು ರೋಡ್‌ಹೌಸ್‌ನಿಂದ ಮುಂದಿನದಕ್ಕೆ ಎರಡು ದಿನದ ಓಟ ಎಂದು ಹಿಡಿದು, ಮೂರು ದಿನದ ಮೀಸಲು ಸೇರಿಸಿದರೆ ಇಬ್ಬರಿಗೆ 70 ಲೀಟರ್. ನಿಮ್ಮ 60ರ ಟ್ಯಾಂಕ್ ಜೊತೆ 20 ಲೀಟರಿನ ಒಂದು ಕ್ಯಾನ್ ಇಡಿ. ಇದು ಪ್ರಮಾಣದ ಪ್ರಶ್ನೆ ಮಾತ್ರ ಅಲ್ಲ. ಕ್ಯಾಂಪರ್ ಟ್ಯಾಂಕ್‌ನ ಪೈಪ್ ಗಾಡಿಯ ಹೊಟ್ಟೆಯ ಕೆಳಗೆ ಹಾದುಹೋಗುತ್ತದೆ, ಒಂದು ಕಲ್ಲು ಸಿಡಿದರೆ ಇಡೀ ಟ್ಯಾಂಕ್ ದಾರಿಯಲ್ಲೇ ಖಾಲಿ. ಸಂಜೆ ನಲ್ಲಿ ತಿರುಗಿಸಿದಾಗಲೇ ಅದು ಗೊತ್ತಾಗುವುದು. ಕುಡಿಯುವ ನೀರು ಬೇರೆ ಡಬ್ಬದಲ್ಲಿ ಇರಲೇಬೇಕು.

ಗಾಳಿಮೀಟರ್:

ಟೈರ್ ಬಗ್ಗೆ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಈ ರಸ್ತೆಯಲ್ಲಿ ಎಂಜಿನ್ ಕೈಕೊಟ್ಟು ನಿಲ್ಲುವವರಿಗಿಂತ ಟೈರ್ ಹರಿದು ನಿಲ್ಲುವವರೇ ಹೆಚ್ಚು.

40 ಸರಿಯೋ 25 ಸರಿಯೋ ಅನ್ನುವುದಕ್ಕೆ ಒಂದೇ ಉತ್ತರವಿಲ್ಲ. ಡಾಂಬರಿನ ಮೇಲೆ, ಪೂರ್ತಿ ಭಾರ ಇರುವಾಗ ಹಿಂದಿನ ಟೈರ್‌ಗೆ 40 ಸರಿ. ಅದೇ 40ರಲ್ಲಿ ಜಲ್ಲಿಗೆ ಇಳಿದರೆ ಟೈರ್ ಬಿಗಿಯಾಗಿ ನಿಂತು ಚೂಪುಕಲ್ಲು ನೇರ ಒಳಗೆ ಹೊಗುತ್ತದೆ. ಗಾಳಿ ಇಳಿಸಿದಾಗ ರಬ್ಬರ್ ಬಾಗಿ ಕಲ್ಲನ್ನು ಸುತ್ತಿಕೊಂಡು ದಾಟುತ್ತದೆ. ಜಲ್ಲಿ ಮಣ್ಣಿಗೆ ಮುಂದೆ 28, ಹಿಂದೆ 32ರಿಂದ ಶುರು ಮಾಡಿ. ಮೆತ್ತನೆ ಮರಳು ಸಿಕ್ಕರೆ 18. ಆದರೆ ಗಾಳಿ ಇಳಿಸಿದ ಮೇಲೆ ವೇಗವೂ ಇಳಿಯಬೇಕು: 28–32ರಲ್ಲಿ 80 ಕಿ.ಮೀ. ಮೀರಬೇಡಿ, 18ರಲ್ಲಿ 40 ಮೀರಬೇಡಿ. ಕಡಿಮೆ ಗಾಳಿಯಲ್ಲಿ ವೇಗವಾಗಿ ಓಡಿಸಿದರೆ ಟೈರ್‌ನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ಬಿಸಿಯಾಗುತ್ತದೆ, ಕೊನೆಗೆ ಒಳಗಿನ ಪದರ ಬಿಟ್ಟುಕೊಳ್ಳುತ್ತದೆ. ಪಕ್ಕದ ಗೋಡೆ ಹರಿದ ಟೈರ್‌ಗೆ ಪಂಕ್ಚರ್ ಬತ್ತಿ ಹಿಡಿಯುವುದಿಲ್ಲ. ಅದು ಅಲ್ಲಿಗೆ ಮುಗಿಯಿತು.

ಇಟ್ಟ ಗಾಳಿ ಸರಿಯಿದೆಯಾ ಅಂತ ಗಾಡಿಯೇ ಹೇಳುತ್ತದೆ. ಬೆಳಿಗ್ಗೆ ತಣ್ಣಗಿರುವಾಗ ಅಳೆಯಿರಿ. ಒಂದು ಗಂಟೆ ಓಡಿಸಿ ಮತ್ತೆ ಅಳೆಯಿರಿ. 4 ಪಿಎಸ್‌ಐ ಏರಿದ್ದರೆ ಸರಿಯಾಗಿದೆ. 7–8 ಏರಿದ್ದರೆ ಗಾಳಿ ಕಡಿಮೆಯಾಯಿತು, ಇಲ್ಲವೇ ಭಾರ ಅಥವಾ ವೇಗ ಹೆಚ್ಚಾಯಿತು. ಒಂದೆರಡು ಮಾತ್ರ ಏರಿದ್ದರೆ ಗಾಳಿ ಜಾಸ್ತಿ ಇದೆ, ಇನ್ನೂ ಇಳಿಸಬಹುದು. ಬಿಸಿ ಇರುವಾಗ ನೋಡಿ "ಹೆಚ್ಚಾಗಿದೆ" ಎಂದು ಗಾಳಿ ಬಿಡುವ ತಪ್ಪು ಮಾಡಬೇಡಿ. ಮಾರನೆ ಬೆಳಿಗ್ಗೆಯ ಚಳಿಗೆ ಅದು ತೀರಾ ಕೆಳಗೆ ಹೋಗಿರುತ್ತದೆ.

ತಗಡಿನ ಶೀಟಿನಂತೆ ರಸ್ತೆಗೆ ಅಡ್ಡಲಾಗಿ ಏರಿಳಿತ ಬಿದ್ದಿರುತ್ತದಲ್ಲ, ಅದಕ್ಕೆ ಅಲ್ಲಿ ಕಾರುಗೇಷನ್ ಎನ್ನುತ್ತಾರೆ. 70–80ರಲ್ಲಿ ಹೋದರೆ ಚಕ್ರ ಏಣಿನಿಂದ ಏಣಿಗೆ ತೇಲಿಕೊಂಡು ಹೋಗಿ ಕುಲುಕಾಟ ತಗ್ಗುತ್ತದೆ, ನಿಜ. ಆದರೆ ತೇಲುವ ಚಕ್ರಕ್ಕೆ ಹಿಡಿತವೂ ಇಲ್ಲ, ಬ್ರೇಕೂ ಇಲ್ಲ, ತಿರುವಿನಲ್ಲಿ ಬಾಲ ಹೊರಗೆ ಜಾರುತ್ತದೆ. ಗಾಡಿ ಮಗುಚುವುದು ಹೆಚ್ಚಾಗಿ ಇಲ್ಲೇ. ತಿರುವಿಗೆ ಮುಂಚೆಯೇ ವೇಗ ಇಳಿಸಿ. ಗಂಟೆಗೊಮ್ಮೆ ನಿಲ್ಲಿಸಿ ಶಾಕ್ ಅಬ್ಸಾರ್ಬರ್ ಹತ್ತಿರ ಅಂಗೈ ಹಿಡಿದು ನೋಡಿ (ಮುಟ್ಟಬೇಡಿ). ಕುದಿಯುವಷ್ಟು ಕಾದಿದ್ದರೆ ಅರ್ಧ ಗಂಟೆ ಆರಲು ಬಿಡಿ. ಒಳಗಿನ ಎಣ್ಣೆ ನೊರೆಯಾಗಿ ಶಾಕ್ ಕೆಲಸ ನಿಲ್ಲಿಸಿದ ಮೇಲೆ ಹೊಡೆತವೆಲ್ಲ ಸ್ಪ್ರಿಂಗ್ ಮತ್ತು ಚಾಸಿಗೆ ಬೀಳುತ್ತದೆ.

ಗಾಡಿ ತೆಗೆದುಕೊಳ್ಳುವ ದಿನ ಅಂಗಡಿಯ ಅಂಗಳದಲ್ಲೇ ಎರಡು ತಾಸು ಕಳೆಯಿರಿ. ಹೈಲಕ್ಸ್‌ನ ಸ್ಟೆಪ್ನಿ ಹಿಂಭಾಗದ ಕೆಳಗೆ ಸರಪಳಿಯಲ್ಲಿ ನೇತಾಡುತ್ತದೆ. ಉದ್ದ ಸರಳು ತೂರಿಸಿ ತಿರುಗಿಸಿದರೆ ಇಳಿಯಬೇಕು, ಧೂಳು ತುಂಬಿದ್ದರೆ ಇಳಿಯುವುದಿಲ್ಲ. ನೀವೇ ಇಳಿಸಿ, ಏರಿಸಿ ನೋಡಿ. ಒಂದು ವೀಲ್ ನಟ್ ನಿಮ್ಮ ಕೈಯಿಂದಲೇ ಸಡಿಲಿಸಿ. ವರ್ಕ್‌ಶಾಪ್‌ನಲ್ಲಿ ಗಾಳಿ ಗನ್ನಿನಿಂದ ಬಿಗಿದಿದ್ದರೆ ಗಾಡಿಯ ಜೊತೆ ಕೊಟ್ಟ ಪಾನಾಗೆ ಅದು ಜಗ್ಗುವುದಿಲ್ಲ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2321 ಅಂದರೆ 2021ರ 23ನೇ ವಾರ ತಯಾರಾದದ್ದು. ಸ್ಟೆಪ್ನಿಯದನ್ನೂ ಓದಿ, ಅದರ ಗಾಳಿಯನ್ನೂ ಅಳೆಯಿರಿ. ಫೋರ್‌ಲೋ (ನಿಧಾನಕ್ಕೆ, ಹೆಚ್ಚು ಬಲದಿಂದ ಎಳೆಯುವ) ಗೇರಿಗೆ ಹಾಕಿ ಹತ್ತು ಅಡಿ ಓಡಿಸಿ. ಮಣ್ಣಿನಲ್ಲಿ ಜಾಕ್ ಹೂತುಹೋಗದಂತೆ ಅಡಿಗಿಡಲು ಒಂದೂವರೆ ಅಡಿ ಚೌಕದ ದಪ್ಪ ಪ್ಲೈವುಡ್ ತುಂಡು, 12 ವೋಲ್ಟ್ ಕಂಪ್ರೆಸರ್, ಗೇಜ್, ಪಂಕ್ಚರ್ ಬತ್ತಿ ಕಿಟ್, ವಾಲ್ವ್ ಪಿನ್ ನಾಲ್ಕು. ಇವಿಷ್ಟು ಇಲ್ಲದೆ ಲ್ಯಾವರ್ಟನ್ ಬಿಡಬೇಡಿ.

ಕರಾರುಪತ್ರ:

ರಸ್ತೆಗಿಂತ ಮೊದಲು ಕಾಗದ. ಬಾಡಿಗೆ ಕರಾರಿನಲ್ಲಿ "ಮಣ್ಣು ರಸ್ತೆಗೆ ಅನುಮತಿ ಇದೆ" ಎಂದಿದ್ದರೆ ಸಾಲದು, ಗ್ರೇಟ್ ಸೆಂಟ್ರಲ್ ರೋಡ್ ಎಂದು ಹೆಸರು ಹಾಕಿ ಇಮೇಲ್‌ನಲ್ಲಿ ಒಪ್ಪಿಗೆ ತರಿಸಿಕೊಳ್ಳಿ. ಆಮೇಲೆ ವಿಮೆಯ ಹೊರಗಿಟ್ಟ ಸಂಗತಿಗಳನ್ನು ಓದಿ. ಬೇರೆ ಗಾಡಿ ತಾಕದೆ ತಾನೇ ಮಗುಚುವುದು, ಗಾಡಿಯ ಕೆಳಭಾಗ, ಚಾವಣಿ, ನೀರು ದಾಟುವುದು, ಕತ್ತಲಾದ ಮೇಲೆ ಓಡಿಸುವುದು, ಇವು ಸಾಮಾನ್ಯವಾಗಿ ವಿಮೆಯಲ್ಲಿ ಬರುವುದಿಲ್ಲ. ಕೆಟ್ಟ ಗಾಡಿಯನ್ನು ಎಳೆದು ತರುವ ಖರ್ಚು ಯಾರದು ಎಂದು ಕೇಳಿ, ಅದು ಸಾವಿರಾರು ಡಾಲರ್ ಆಗುತ್ತದೆ.

ಪರವಾನಗಿ ಎರಡು ಬೇಕು, ಏಕೆಂದರೆ ಈ ರಸ್ತೆ ಮೂಲನಿವಾಸಿಗಳ ನೆಲದ ಮೂಲಕ ಹೋಗುತ್ತದೆ. ಪಶ್ಚಿಮ ಆಸ್ಟ್ರೇಲಿಯಾ ಭಾಗಕ್ಕೆ ಆ ರಾಜ್ಯದ ಯೋಜನೆ, ಭೂಮಿ ಮತ್ತು ಪರಂಪರೆ ಇಲಾಖೆಯಲ್ಲಿ, ಉತ್ತರ ಪ್ರಾಂತ್ಯದ ಭಾಗಕ್ಕೆ ಸೆಂಟ್ರಲ್ ಲ್ಯಾಂಡ್ ಕೌನ್ಸಿಲ್‌ನಲ್ಲಿ ಅರ್ಜಿ ಹಾಕಬೇಕು. ಇದು ದಾರಿ ಹಾಯುವ ಪರವಾನಗಿ ಅಷ್ಟೇ. ಅಡ್ಡದಾರಿಗೆ ಇಳಿಯಲು, ಊರೊಳಗೆ ಸುತ್ತಲು, ಜನರ ಫೋಟೋ ತೆಗೆಯಲು ಅದರಲ್ಲಿ ಒಪ್ಪಿಗೆ ಇಲ್ಲ. ಆ ಊರುಗಳಲ್ಲಿ ಮದ್ಯಕ್ಕೆ ನಿಷೇಧವಿದೆ. ನಿಯಮ ಎನ್ನುವುದಕ್ಕಿಂತ, ಇನ್ನೊಬ್ಬರ ಅಂಗಳ ದಾಟುತ್ತಿದ್ದೇವೆ ಎಂಬ ಎಚ್ಚರ ಇಟ್ಟುಕೊಂಡರೆ ಎಲ್ಲವೂ ಸರಿಹೋಗುತ್ತದೆ.

ಮಳೆ ಬಂದು ರಸ್ತೆ ಮುಚ್ಚಿದರೆ ಮುಚ್ಚಿದ ಹಾಗೆಯೇ. ಸ್ವಲ್ಪವೇ ಮಳೆಗೂ ಜೇಡಿಮಣ್ಣು ಬೆಣ್ಣೆಯಾಗುತ್ತದೆ. ಫಲಕ ದಾಟಿ ಹೋದರೆ ದಂಡ ಬೀಳುತ್ತದೆ, ವಿಮೆಯೂ ರದ್ದಾಗುತ್ತದೆ. 18 ದಿನದಲ್ಲಿ ಎರಡು ದಿನ ಇದಕ್ಕೆಂದೇ ಖಾಲಿ ಬಿಡಿ.

ತಿರುಗುಮುರುಗಾಗಿ ಪೂರ್ವದಿಂದ ಪಶ್ಚಿಮಕ್ಕೆ ಹೋಗುವವರು ಹಣ್ಣು, ತರಕಾರಿ, ಜೇನುತುಪ್ಪ ಗಡಿಗೆ ಮುಂಚೆ ಮುಗಿಸಿಕೊಳ್ಳಬೇಕು. ಪಶ್ಚಿಮ ಆಸ್ಟ್ರೇಲಿಯಾ ಅವನ್ನು ಒಳಗೆ ಬಿಡುವುದಿಲ್ಲ.

ಚಾನಲ್40:

ಸಂಪರ್ಕದ ಬಗ್ಗೆ ಚಿಕ್ಕದಾಗಿ. ಊರು ಮತ್ತು ರೋಡ್‌ಹೌಸ್ ಬಿಟ್ಟರೆ ಮೊಬೈಲ್ ಸಿಗ್ನಲ್ ಇಲ್ಲ. ಇದ್ದಲ್ಲಿ ಬಹುಪಾಲು ಟೆಲ್‌ಸ್ಟ್ರಾ ಕಂಪನಿಯದು. 2024ರಲ್ಲಿ ಅಲ್ಲಿ 3ಜಿ ನಿಂತಿದೆ. 4ಜಿ ಮೂಲಕ ತುರ್ತು ಕರೆ ಮಾಡಲಾಗದ ಫೋನ್‌ಗಳನ್ನು ಅಲ್ಲಿನ ಕಂಪನಿಗಳು ತಡೆಹಿಡಿಯುತ್ತವೆ. ಭಾರತದಿಂದ ತಂದ ಫೋನಿಗೆ ಅಲ್ಲಿನ ಸಿಮ್ ಹಾಕುವವರು ಪರ್ತ್‌ನಲ್ಲೇ ಪರೀಕ್ಷಿಸಿಕೊಳ್ಳಿ.

ಪಿಎಲ್‌ಬಿ ಎಂಬ, ಉಪಗ್ರಹದ ಮೂಲಕ ರಕ್ಷಣೆಗೆ ಕರೆ ಕಳಿಸುವ ಅಂಗೈ ಗಾತ್ರದ ಬೀಕನ್ ಬಾಡಿಗೆಗೂ ಸಿಗುತ್ತದೆ. 406 ಮೆಗಾಹರ್ಟ್ಸ್‌ನದು ಇರಬೇಕು, ಅದು ನೋಂದಣಿಯಾಗಿರಬೇಕು. ಆದರೆ ಅದು ಪ್ರಾಣಕ್ಕೆ ಕುತ್ತು ಬಂದಾಗ ಒತ್ತುವ ಗುಂಡಿ. ರೇಡಿಯೇಟರ್ ಹೋಸ್ ಒಡೆದದ್ದಕ್ಕೆ ಒತ್ತುವಂತಿಲ್ಲ. ಆ ಸಂದರ್ಭಕ್ಕೆ ಮಾತಾಡಬಲ್ಲ ಸಾಧನವೇ ಬೇಕು, ಹಾಗಾಗಿ ಸ್ಯಾಟಲೈಟ್ ಫೋನ್ ಅಥವಾ ಎರಡೂ ಕಡೆ ಸಂದೇಶ ಹೋಗುವ ಸ್ಯಾಟಲೈಟ್ ಮೆಸೆಂಜರ್ ಒಂದಾದರೂ ಇರಲಿ. ತುರ್ತು ಸಂಖ್ಯೆ 000.

ಗಾಡಿಯಿಂದ ಗಾಡಿಗೆ ಮಾತಾಡುವ ಯುಎಚ್‌ಎಫ್ ರೇಡಿಯೋ ಇದ್ದರೆ 40ನೇ ಚಾನಲ್‌ನಲ್ಲಿಡಿ, ಲಾರಿಯವರು ಇರುವುದು ಅಲ್ಲಿ. 5 ಮತ್ತು 35 ತುರ್ತಿಗೆ ಮಾತ್ರ. ರೋಡ್ ಟ್ರೇನ್ ಎಂದರೆ ಹಲವು ಟ್ರೇಲರ್ ಎಳೆಯುವ, 53 ಮೀಟರ್‌ವರೆಗೂ ಉದ್ದವಿರುವ ಲಾರಿ. ಎದುರು ಬಂದರೆ ಎಡಕ್ಕೆ ಸರಿದು ನಿಂತುಬಿಡಿ, ಧೂಳು ಇಳಿದ ಮೇಲೆ ಹೊರಡಿ. ಅದರ ಹಿಂದೆ ಇನ್ನೊಂದು ಇರಬಹುದು.

ಗಾಡಿ ಕೆಟ್ಟರೆ ಗಾಡಿ ಬಿಟ್ಟು ನಡೆದು ಹೋಗಬೇಡಿ. ವಿಮಾನದಿಂದ ಹುಡುಕುವವರಿಗೆ ಗಾಡಿ ಕಾಣುತ್ತದೆ, ನಡೆಯುತ್ತಿರುವ ಮನುಷ್ಯ ಕಾಣುವುದಿಲ್ಲ.

ಮಣ್ಣುದಾರಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಿಂಪ್ಸನ್ ಕೈಬಿಟ್ಟೆವು. ಇನ್ನೆರಡು ಅನುಮಾನ: ಗಾಡಿಯಲ್ಲಿರುವುದು ಒಂದೇ ಸ್ಟೆಪ್ನಿ, ಬಾಡಿಗೆಯವರು ಎರಡನೆಯದು ಕೊಡುವುದಿಲ್ಲ ಎಂದರೆ ಏನು ಮಾಡಬೇಕು? ದಿನಕ್ಕೆ ಎಷ್ಟು ಕಿ.ಮೀ. ಇಟ್ಟುಕೊಳ್ಳಲಿ?

ಗಾಳಿಮೀಟರ್:

ರಿಮ್ ಸಮೇತ ಕೊಡದಿದ್ದರೆ ಅದೇ ಅಳತೆಯ ಬರೀ ಟೈರ್ ಒಂದನ್ನು ಕೇಳಿ. ವಾರ್ಬರ್ಟನ್‌ವರೆಗೆ ಸ್ಟೆಪ್ನಿಯಲ್ಲಿ ಕುಂಟಿಕೊಂಡು ಹೋಗಿ ಅಲ್ಲಿ ಹಾಕಿಸಬಹುದೇ ಎಂದು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಅದೂ ಆಗದಿದ್ದರೆ ವೇಗ 60ಕ್ಕೆ ಇಳಿಸುವುದೊಂದೇ ದಾರಿ. ಭಾರವನ್ನೂ ನೋಡಿ: 20 ಲೀಟರಿನ ಎರಡು ಡೀಸೆಲ್ ಕ್ಯಾನ್ ಎಂದರೆ 33 ಕೆಜಿ, 80 ಲೀಟರ್ ನೀರು 80 ಕೆಜಿ, ಮೇಲೆ ನೀವಿಬ್ಬರು, ದಿನಸಿ. ಕ್ಯಾಂಪರ್ ಪೆಟ್ಟಿಗೆ ಹೊತ್ತ ಹೈಲಕ್ಸ್ ಮಿತಿಯ ಹತ್ತಿರವೇ ಇರುತ್ತದೆ. ಪರ್ತ್ ಬಿಡುವ ಮೊದಲು ಲಾರಿ ತೂಗುವ ವೇಬ್ರಿಡ್ಜ್ ಮೇಲೆ ನಿಲ್ಲಿಸಿ, ಹಿಂದಿನ ಆಕ್ಸಲ್ ಬೇರೆಯಾಗಿ ತೂಗಿಸಿ.

ಸ್ಪಿನಿಫೆಕ್ಸ್:

ದಿನಕ್ಕೆ 250, ಹೆಚ್ಚೆಂದರೆ 300. ಲ್ಯಾವರ್ಟನ್‌ನಿಂದ ಯುಲಾರಾಗೆ ಐದು ದಿನ ಇಡಿ. ಜುಲೈನಲ್ಲಿ ಬೇಗ ಕತ್ತಲಾಗುತ್ತದೆ, ಮುಸ್ಸಂಜೆಗೆ ಕಾಂಗರೂ, ಒಂಟೆ, ಬೇಲಿಯಿಲ್ಲದ ದನ ಎಲ್ಲ ರಸ್ತೆಗೆ ಬರುತ್ತವೆ. ನಾಲ್ಕು ಗಂಟೆಗೆ ಡೇರೆ ಹಾಕಿಬಿಡಿ. ಪ್ರಾಣಿ ಅಡ್ಡ ಬಂದರೆ ನೇರಕ್ಕೆ ಬ್ರೇಕ್ ಒತ್ತಿ, ಸ್ಟೀರಿಂಗ್ ಎಳೆಯಬೇಡಿ. ಉತ್ತರ ಪ್ರಾಂತ್ಯಕ್ಕೆ ಕಾಲಿಟ್ಟೊಡನೆ ಗಡಿಯಾರ ಒಂದೂವರೆ ತಾಸು ಮುಂದೆ ಹೋಗುತ್ತದೆ. ಬಂಕ್ ಮುಚ್ಚುವ ಹೊತ್ತು ಕೇಳುವಾಗ ಯಾವ ಕಡೆಯ ಸಮಯ ಎಂದೂ ಕೇಳಿ. ರಾತ್ರಿ ಸೊನ್ನೆಗಿಂತ ಕೆಳಗೆ ಇಳಿಯುವುದುಂಟು. ಕ್ಯಾನ್ವಾಸ್ ಗೋಡೆಯ ಕ್ಯಾಂಪರ್ ಆದರೆ ಬಾಡಿಗೆಯವರು ಕೊಡುವ ಹೊದಿಕೆ ಸಾಲದು, ಸ್ಲೀಪಿಂಗ್ ಬ್ಯಾಗ್ ಬೇರೆ ತನ್ನಿ. ಮಲಗುವ ಮುಂಚೆ ಬೆಳಗಿನ ಕಾಫಿಗೆ ಬೇಕಾದಷ್ಟು ನೀರು ಪಾತ್ರೆಯಲ್ಲಿ ಹಿಡಿದಿಡಿ, ಪಂಪಿನ ಪೈಪ್ ಹೆಪ್ಪುಗಟ್ಟಿದರೆ ಬಿಸಿಲೇರುವವರೆಗೆ ನಲ್ಲಿಯಲ್ಲಿ ಬರುವುದಿಲ್ಲ.